ಅನಿಲ ಮತ್ತು ಅನಲ

ಅನಿಲವೆಂದರೆ ಗಾಳಿ, ಅನಲವೆಂದರೆ ಬೆಂಕಿ. ಬರೆಯುವಾಗ ಈ ಎರಡು ಶಬ್ದಗಳ ನಡುವೆ ಇರುವ ಅಂತರ ಒಂದು ಗುಡಿಸು ಮಾತ್ರ. ಉತ್ತರಪತ್ರಿಕೆಗಳನ್ನು ತಿದ್ದುವಾಗ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಬರೆದ ವಿದ್ಯಾರ್ಥಿಗಳು ವರ್ಷಕ್ಕೆ ಇಬ್ಬರೋ ಮೂವರೋ ಸಿಕ್ಕೇ ಸಿಕ್ಕುತ್ತಾರೆ. ಅವರಿಗೆ ಅರ್ಧ ಅಂಕ ಕಡಿಮೆಯಾಗುತ್ತದೆ; ಅಲ್ಲಿಗೆ ಆ ತಪ್ಪು ಮುಗಿಯಿತು. ಆದರೆ ನಮ್ಮ ಅಡಿಗೆಮನೆಗಳಲ್ಲಿ ಈ ಗುಡಿಸಿನಷ್ಟೇ ಅಂತರದಲ್ಲಿ ಅನಿಲವೂ ಅನಲವೂ ಪ್ರತಿದಿನ ಒಂದರ ಪಕ್ಕದಲ್ಲಿ ಒಂದು ನಿಂತಿರುತ್ತವೆ. ಅಲ್ಲಿ ಅದಲುಬದಲಾದರೆ ತಿದ್ದುವುದಕ್ಕೆ ಕೆಂಪು ಶಾಯಿ ಸಾಲದು. ಅಮರಕೋಶದಲ್ಲಿ ಬೆಂಕಿಗೆ ಹೇಳಿರುವ ಹೆಸರುಗಳಲ್ಲಿ ‘ವಾಯುಸಖ’ ಎಂಬುದೂ ಒಂದು. ಗಾಳಿಯ ಗೆಳೆಯನೆಂದು ಬೆಂಕಿಯನ್ನು ಕರೆದ ಹಿರಿಯರು ಅಡಿಗೆ ಅನಿಲವನ್ನು ಕಂಡಿರಲಿಲ್ಲ. ಆದರೂ ಆ ಹೆಸರು ಅದಕ್ಕೆ ಒಪ್ಪುವಷ್ಟು ಇನ್ನಾವುದಕ್ಕೂ ಒಪ್ಪುವುದಿಲ್ಲ.

ನಮ್ಮ ಚಿತ್ರದುರ್ಗದ ಕೋಟೆಯನ್ನು ನೋಡಲು ಬಂದವರಿಗೆ ಮದ್ದು ಬೀಸುವ ಕಲ್ಲುಗಳನ್ನು ತೋರಿಸುವುದು ವಾಡಿಕೆ. ನೆಲದಲ್ಲಿ ತೋಡಿದ ಹೊಂಡ. ಅದರೊಳಗೆ ನಾಲ್ಕು ಭಾರಿ ಕಲ್ಲುಗಳು. ಆನೆಗಳಿಂದಲೋ ಕೋಣಗಳಿಂದಲೋ ಅವನ್ನು ತಿರುಗಿಸಿ ಸಿಡಿಮದ್ದನ್ನು ಅರೆಯುತ್ತಿದ್ದರೆಂದು ಹೇಳುತ್ತಾರೆ. ಅದನ್ನು ನೋಡುವಾಗಲೆಲ್ಲ ನನಗೆ ತೋರುವ ಮಾತು ಇದು: ಪಾಳೆಯಗಾರರ ಕಾಲದಲ್ಲಿ ಮದ್ದಿಗೆ ಬೇರೆಯೇ ಒಂದು ಸ್ಥಳವಿತ್ತು, ಅದನ್ನು ಬಲ್ಲ ಕೆಲಸಗಾರರು ಬೇರೆಯೇ ಇದ್ದರು. ಇಂದು ನಾವು ಸಿಡಿಯಬಲ್ಲ ವಸ್ತುವೊಂದನ್ನು ಕೆಂಪು ಬಣ್ಣದ ಉಕ್ಕಿನ ಪಾತ್ರೆಯಲ್ಲಿ ತುಂಬಿಸಿ, ಹಾಲಿನ ಪಾತ್ರೆ ಮತ್ತು ಉಪ್ಪಿನಕಾಯಿ ಜಾಡಿಗಳ ನಡುವೆ ಇಟ್ಟುಕೊಂಡು, ಅದರ ಮೇಲೆಯೇ ಒರಸುವ ಬಟ್ಟೆಯನ್ನು ಒಣಹಾಕುತ್ತೇವೆ. ನಿತ್ಯ ಪರಿಚಯದಿಂದ ಹುಲಿಯೂ ಬೆಕ್ಕಿನಂತೆ ಕಾಣತೊಡಗುತ್ತದೆ.

ಹೀಗೆಂದ ಮಾತ್ರಕ್ಕೆ ನಾನು ಸೌದೆ ಒಲೆಯ ಪಕ್ಷಪಾತಿ ಎಂದು ಯಾರೂ ಭಾವಿಸಬಾರದು. ಹಿರಿಯೂರಿನ ಕಡೆ ಜಾಲಿ ಸೌದೆ, ಹೊಸದುರ್ಗದ ಕಡೆ ತೆಂಗಿನ ಮಟ್ಟೆ ಮತ್ತು ಗರಿ, ಹೊಳಲ್ಕೆರೆಯ ತೋಟಗಳಲ್ಲಿ ಅಡಕೆಯ ಸೋಗೆ—ಇವುಗಳನ್ನು ಒಟ್ಟಿ, ಊದುಗೊಳವೆ ಹಿಡಿದು, ಕಣ್ಣೊರಸಿಕೊಳ್ಳುತ್ತ ಅಡಿಗೆ ಮಾಡಿದ ತಾಯಂದಿರನ್ನು ನಾವೆಲ್ಲ ಬಲ್ಲೆವು. ಅವರ ಕೆಮ್ಮನ್ನು ಮನೆಮಂದಿ ವಯಸ್ಸಿನ ಕೆಮ್ಮೆಂದು ತಿಳಿದರು. ಅದು ಒಲೆಯ ಕೆಮ್ಮಾಗಿತ್ತು. ಮನೆಯೊಳಗಿನ ಹೊಗೆಯ ಕಾರಣದಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಅಕಾಲದಲ್ಲಿ ತೀರಿಕೊಂಡರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆದುದರಿಂದ 2016ರ ಮೇ ತಿಂಗಳಲ್ಲಿ ಉಜ್ವಲಾ ಯೋಜನೆ ಪ್ರಾರಂಭವಾಗಿ ಬಡಮನೆಗಳಿಗೂ ಅನಿಲದ ಒಲೆ ಬಂದದ್ದು ಸಣ್ಣ ಸಂಗತಿಯೇನಲ್ಲ. ಗೃಹಿಣಿಯ ಕಣ್ಣಿಗೂ ಶ್ವಾಸಕೋಶಕ್ಕೂ ಅದರಿಂದ ಆದ ಉಪಕಾರ ದೊಡ್ಡದು.

ಆದರೆ ಒಲೆ ಬದಲಾದಷ್ಟು ಬೇಗ ಅಭ್ಯಾಸಗಳು ಬದಲಾಗುವುದಿಲ್ಲ. ಸಾವಿರಾರು ವರ್ಷ ಸೌದೆಯ ಬೆಂಕಿಯೊಡನೆ ಬಾಳಿದ ನಮಗೆ ಅದರ ನಡತೆ ರಕ್ತಗತವಾಗಿದೆ. ಆ ಬೆಂಕಿ ಹೇಳಿ ಬರುತ್ತದೆ: ಮೊದಲು ಹೊಗೆ, ಅನಂತರ ಕಿಡಿ, ಆಮೇಲೆ ಜ್ವಾಲೆ. ಹೊಗೆ ಮೇಲಕ್ಕೆ ಏರುತ್ತದೆ, ಕಣ್ಣಿಗೆ ಕಾಣುತ್ತದೆ. ಅಡಿಗೆ ಅನಿಲದ ನಡತೆ ಇದಕ್ಕೆ ಪೂರ್ತಿ ವಿರುದ್ಧ. ಅದು ಕಾಣುವುದಿಲ್ಲ, ಮೇಲಕ್ಕೆ ಏರುವುದೂ ಇಲ್ಲ. ನಮ್ಮ ಹಳೆಯ ಅಭ್ಯಾಸಗಳನ್ನೇ ನಂಬಿ ಅದರೊಡನೆ ವ್ಯವಹರಿಸಿದರೆ ಮೋಸ ಹೋಗುತ್ತೇವೆ.

ಈ ಅನಿಲವು ಪ್ರೊಪೇನ್ ಮತ್ತು ಬ್ಯೂಟೇನ್ ಎಂಬ ಎರಡು ಹೈಡ್ರೋಕಾರ್ಬನ್‌ಗಳ, ಎಂದರೆ ಜಲಜನಕ ಮತ್ತು ಇಂಗಾಲ ಕೂಡಿ ಆದ ಅನಿಲಗಳ, ಮಿಶ್ರಣ. ಒತ್ತಡ ಹಾಕಿದರೆ ನೀರಿನಂತೆ ದ್ರವವಾಗುತ್ತದೆ; ಬಿಟ್ಟರೆ ಸುಮಾರು ಇನ್ನೂರೈವತ್ತು ಪಾಲು ಹಿಗ್ಗುತ್ತದೆ. ಒಂದು ಲೋಟದಷ್ಟು ದ್ರವ ಸೋರಿದರೆ ಇನ್ನೂರೈವತ್ತು ಲೋಟದಷ್ಟು ಅನಿಲವಾಯಿತೆಂದು ತಿಳಿಯಬೇಕು. ಗಾಳಿಗಿಂತ ಇದು ಒಂದೂವರೆಯಿಂದ ಎರಡು ಪಾಲು ಭಾರ. ಆದಕಾರಣ ಸೋರಿದಾಗ ಹೊಗೆಯಂತೆ ಮಾಡಿನ ಕಡೆ ಹೋಗದೆ, ಚೆಲ್ಲಿದ ನೀರಿನಂತೆ ನೆಲದ ಮೇಲೆ ಹರಿಯುತ್ತದೆ. ಹೊಸ್ತಿಲನ್ನು ದಾಟಿ, ಮೆಟ್ಟಿಲಿಳಿದು, ತಗ್ಗಿರುವಲ್ಲಿ ನಿಲ್ಲುತ್ತದೆ. ಮೇಲಿನ ಕಿಟಕಿಯೊಂದನ್ನು ತೆರೆದು ಸಮಾಧಾನಪಡುವವರು ಇದನ್ನು ನೆನಪಿಡಬೇಕು. ಅದು ಹೊರಡುವ ದಾರಿ ಬಾಗಿಲು, ಕಿಟಕಿಯಲ್ಲ. ನಗರಗಳಲ್ಲಿ ಕೊಳವೆಯ ಮೂಲಕ ಮನೆಗೆ ಬರುವ ನೈಸರ್ಗಿಕ ಅನಿಲ ಮಾತ್ರ ಬೇರೆ ಜಾತಿಯದು. ಅದು ಬಹುಪಾಲು ಮೀಥೇನ್. ಗಾಳಿಗಿಂತ ಹಗುರವಾದುದರಿಂದ ಮೇಲಕ್ಕೇರಿ ಮಾಡಿನ ಕೆಳಗೆ ಸೇರುತ್ತದೆ. ಮನೆಯಲ್ಲಿರುವುದು ಯಾವುದೆಂದು ತಿಳಿಯದೆ ಯಾವ ಕಿಂಡಿ ತೆರೆಯಬೇಕೆಂಬುದೂ ತಿಳಿಯದು.

ಲೆಕ್ಕವನ್ನು ಸ್ವಲ್ಪ ನೋಡೋಣ. ಗಾಳಿಯಲ್ಲಿ ಈ ಅನಿಲ ನೂರಕ್ಕೆ ಎರಡು ಪಾಲಿನಷ್ಟು ಬೆರೆತರೆ ಸಾಕು, ಅದು ಹೊತ್ತಿಕೊಳ್ಳಬಲ್ಲದು. ಉದ್ದ, ಅಗಲ, ಎತ್ತರ ಹತ್ತು ಹತ್ತು ಅಡಿ ಇರುವ ಅಡಿಗೆಮನೆಯ ಗಾಳಿಯೆಲ್ಲವೂ ಈ ಸ್ಥಿತಿಗೆ ಬರಬೇಕಾದರೆ ಸುಮಾರು ಒಂದೂಕಾಲು ಕಿಲೋ ಅನಿಲ ಬೇಕು. ಮನೆಗೆ ಬರುವ ಸಿಲಿಂಡರಿನಲ್ಲಿ 14.2 ಕಿಲೋ ಇರುತ್ತದೆ. ಅದರ ಹತ್ತನೆಯ ಒಂದು ಪಾಲೂ ಬೇಕಾಗಲಿಲ್ಲ. ಆದರೆ ಅನಿಲ ಕೋಣೆಯ ತುಂಬ ಸಮನಾಗಿ ಹರಡುವುದಿಲ್ಲವಷ್ಟೆ. ನೆಲದಿಂದ ಒಂದು ಅಡಿ ಎತ್ತರದವರೆಗೆ ಮಾತ್ರ ನಿಂತಿತೆಂದು ಭಾವಿಸಿದರೆ ಸುಮಾರು 125 ಗ್ರಾಂ ಸಾಕು. ಇದು ನಾವು ಒಂದು ಹೊತ್ತಿನ ಸಾರಿಗೆ ಹಾಕುವ ತೊಗರಿಬೇಳೆಯ ತೂಕ. ಆ ಒಂದು ಅಡಿಯ ಎತ್ತರದಲ್ಲಿ ಮನೆಯಲ್ಲಿ ಯಾರಿರುತ್ತಾರೆಂಬುದನ್ನು ನೆನೆದುಕೊಳ್ಳಿ. ಅಂಬೆಗಾಲಿಡುವ ಮಗು, ಚಾಪೆಯ ಮೇಲೆ ಮಲಗಿದ ಅಜ್ಜಿ.

ಇಂಥ ವಸ್ತುವಿಗೆ ಸ್ವಭಾವತಃ ವಾಸನೆಯೂ ಇಲ್ಲವೆಂಬುದು ಬಹುಮಂದಿಗೆ ತಿಳಿಯದು. ಕೊಳೆತ ಕೋಸಿನಂತೆ, ಸತ್ತ ಇಲಿಯಂತೆ ನಾರುವ ಆ ದುರ್ಗಂಧ ಅನಿಲದ್ದಲ್ಲ. ನಮ್ಮ ಕ್ಷೇಮಕ್ಕಾಗಿ ಅದರಲ್ಲಿ ಬೆರೆಸಿದ ಈಥೈಲ್ ಮರ್ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತದ್ದು. ಈ ದುರ್ಗಂಧಕ್ಕೆ ದುಃಖದ ಇತಿಹಾಸವೊಂದಿದೆ. ಅಮೆರಿಕದ ಟೆಕ್ಸಸ್ ಪ್ರಾಂತದ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ಖರ್ಚು ಉಳಿಸುವುದಕ್ಕಾಗಿ ಎಣ್ಣೆಬಾವಿಗಳ ಕಡೆಯಿಂದ ಬರುವ ಕೊಳವೆಗೆ ಜೋಡಿಸಿ ನೈಸರ್ಗಿಕ ಅನಿಲವನ್ನು ಬಳಸುತ್ತಿದ್ದರು. ಅದಕ್ಕೆ ವಾಸನೆಯಿರಲಿಲ್ಲ. ಕಟ್ಟಡದ ಅಡಿಯಲ್ಲಿ ಅದು ಸೋರಿ ತುಂಬಿಕೊಂಡದ್ದು ಯಾರಿಗೂ ಗೊತ್ತಾಗಲಿಲ್ಲ. 1937ನೆಯ ಇಸವಿ ಮಾರ್ಚ್ 18ರಂದು, ಶಾಲೆ ಬಿಡಲು ಇನ್ನು ಕೆಲವೇ ನಿಮಿಷಗಳಿರುವಾಗ, ವಿದ್ಯುತ್ ಯಂತ್ರವೊಂದರ ಕಿಡಿ ತಗುಲಿ ಶಾಲೆಯೇ ಸಿಡಿಯಿತು. ಸುಮಾರು ಮುನ್ನೂರು ಜನ, ಹೆಚ್ಚಿನವರು ಮಕ್ಕಳು, ಸತ್ತರು. ಅನಂತರ ಅನಿಲಕ್ಕೆ ಕಡ್ಡಾಯವಾಗಿ ದುರ್ಗಂಧ ಬೆರೆಸಬೇಕೆಂಬ ಕಾನೂನು ಅಲ್ಲಿ ಬಂತು. ಕ್ರಮೇಣ ಅದೇ ಪದ್ಧತಿ ಲೋಕದಲ್ಲೆಲ್ಲ ನಿಂತಿತು. ನಮ್ಮ ಅಡಿಗೆಮನೆಯಲ್ಲಿ ಆ ವಾಸನೆ ಬಂದಾಗಲೆಲ್ಲ, ಆ ಮಕ್ಕಳ ಸಾವಿನಿಂದ ಲೋಕ ಕಲಿತ ಪಾಠವೊಂದು ನಮ್ಮ ಮೂಗಿಗೆ ತಲಪುತ್ತಿದೆ ಎಂದು ತಿಳಿಯಬೇಕು.

ವಾಸನೆಯನ್ನು ಎಷ್ಟು ಬೆರೆಸಬೇಕೆಂಬುದಕ್ಕೂ ಒಂದು ಅಳತೆಯಿದೆ. ಹೊತ್ತಿಕೊಳ್ಳುವ ಮಟ್ಟದ ಐದನೆಯ ಒಂದು ಪಾಲು ಅನಿಲ ಗಾಳಿಯಲ್ಲಿ ಸೇರಿದಾಗಲೇ ಸಾಧಾರಣ ಮನುಷ್ಯನ ಮೂಗಿಗೆ ಗೊತ್ತಾಗಬೇಕು, ಇದು ನಿಯಮ. ಇದರ ಅರ್ಥವನ್ನು ಸ್ವಲ್ಪ ಯೋಚಿಸಿ ನೋಡಬೇಕು. ವಾಸನೆ ಬಂದ ಕ್ಷಣವೇ ಅಪಾಯದ ಕ್ಷಣವಲ್ಲ. ಐದು ಹೆಜ್ಜೆಯ ದಾರಿಯಲ್ಲಿ ಮೊದಲ ಹೆಜ್ಜೆ ಮಾತ್ರ ಅದು. ಉಳಿದ ನಾಲ್ಕು ಹೆಜ್ಜೆಗಳಷ್ಟು ಕಾಲ ನಮಗೆ ದೊರೆತಿದೆ. ಅಡಿಗೆ ಅನಿಲದ ಅನಾಹುತಗಳಲ್ಲಿ ಎಷ್ಟೋ ಆಗುವುದು ವಾಸನೆ ಬಾರದೆ ಇದ್ದುದರಿಂದಲ್ಲ. ಬಂದ ಮೇಲೆ ಆ ನಾಲ್ಕು ಹೆಜ್ಜೆಗಳ ಕಾಲದಲ್ಲಿ ನಮ್ಮ ಕೈ ಏನು ಮಾಡಿತು ಎಂಬುದರಿಂದ.

ಹೊಸದುರ್ಗದ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಹೇಳಿದ ಮಾತು ಇಲ್ಲಿ ಹೇಳತಕ್ಕದ್ದು. ಅವರದು ತೆಂಗಿನ ತೋಟದ ಮನೆ. ರಾತ್ರಿ ಎಲ್ಲರೂ ನಡುಮನೆಯಲ್ಲಿ ಮಲಗಿದ್ದರು. ಹಿರಿಯರು ಮಂಚದ ಮೇಲೆ, ಆರು ವರ್ಷದ ಮಗಳು ನೆಲದ ಹಾಸಿಗೆಯಲ್ಲಿ. ನಡುರಾತ್ರಿಯಲ್ಲಿ ಹುಡುಗಿ ಎದ್ದು, “ಅಪ್ಪಾ, ನೆಲ ನಾರ್ತೈತೆ” ಎಂದಳಂತೆ. “ಎಲ್ಲೋ ಇಲಿ ಸತ್ತಿರ್ಬೇಕು, ಮಲಕ್ಕಳಮ್ಮ” ಎಂದು ಇವನು ಮಗ್ಗುಲು ಬದಲಿಸಿದ. ಅವಳು ಬಿಡಲಿಲ್ಲ. ಕೊನೆಗೆ ಎದ್ದು ಕತ್ತಲಲ್ಲಿ ದೀಪದ ಗುಂಡಿಗೆ ಕೈ ಚಾಚಿದ. ಅಷ್ಟರಲ್ಲಿ ಎಚ್ಚೆತ್ತಿದ್ದ ಹೆಂಡತಿ ಅವನ ಮಣಿಕಟ್ಟನ್ನು ಹಿಡಿದು, “ಲೈಟ್ ಹಾಕ್‌ಬ್ಯಾಡ್ರಿ, ಮೊದ್ಲು ಬಾಗ್ಲು ತೆಗೀರಿ” ಎಂದಳು. ಮಹಿಳಾ ಸಂಘದ ಸಭೆಯಲ್ಲಿ ಯಾರೋ ಬಂದು ಹೇಳಿದ್ದ ಮಾತು ಆ ಹೊತ್ತಿಗೆ ಅವಳ ನೆನಪಿಗೆ ಬಂದಿತ್ತು. ಬಾಗಿಲು ತೆರೆದು ಎಲ್ಲರೂ ಅಂಗಳಕ್ಕೆ ಬಂದರು. ಬೆಳಗ್ಗೆ ನೋಡಿದಾಗ ರಬ್ಬರಿನ ಕೊಳವೆಯನ್ನು ಇಲಿ ಕಡಿದಿತ್ತು. ಮಲಗುವ ಮುಂಚೆ ರೆಗ್ಯುಲೇಟರನ್ನು ಯಾರೂ ಮುಚ್ಚಿರಲಿಲ್ಲ. ದೇವರ ಮುಂದಿನ ದೀಪ ಎಣ್ಣೆ ತೀರಿ ಮುನ್ನವೇ ನಂದಿತ್ತು.

ಮಗು ಮೊದಲು ಹೇಳಿದ್ದು ಆಕಸ್ಮಿಕವಲ್ಲ. ಅನಿಲ ಇದ್ದದ್ದೇ ಅವಳ ಎತ್ತರದಲ್ಲಿ. ಮಂಚದ ಮೇಲಿನ ಮೂಗಿಗೆ ಅದು ಇನ್ನೂ ತಲಪಿರಲಿಲ್ಲ. ಮಕ್ಕಳು ವಾಸನೆ ಎಂದರೆ ನಂಬಬೇಕು. ದೊಡ್ಡವರಾದ ನಮಗೆ ಬಾರದಿದ್ದರೆ ನೆಲದವರೆಗೆ ಬಾಗಿ ಪರೀಕ್ಷಿಸಬೇಕು. ನೆಗಡಿಯಾದವರಿಗೆ, ವಯಸ್ಸಾದವರಿಗೆ ಮೂಗು ಮಂದ. ಕೋವಿಡ್ ಬಂದು ಹೋದವರಲ್ಲಿ ಕೆಲವರಿಗೆ ವಾಸನೆ ಹಿಡಿಯುವ ಶಕ್ತಿ ಪೂರ್ತಿ ಮರಳಿಲ್ಲ. ಮೇಲಾಗಿ ಒಂದೇ ವಾಸನೆಯಲ್ಲಿ ಬಹಳ ಹೊತ್ತಿದ್ದರೆ ಮೂಗು ಅದಕ್ಕೆ ಒಗ್ಗಿ ಸುಮ್ಮನಾಗುತ್ತದೆ. ಒಬ್ಬರೇ ಇರುವ ವೃದ್ಧರ ಮನೆಗೆ ಅನಿಲ ಸೋರಿದರೆ ಕೂಗುವ ಚಿಕ್ಕ ಯಂತ್ರವೊಂದನ್ನು, ನೆಲಕ್ಕೆ ಸಮೀಪವಾಗಿ, ಹಾಕಿಸಿಕೊಡುವುದು ಮಕ್ಕಳು ಮಾಡಬಹುದಾದ ಒಳ್ಳೆಯ ಸೇವೆ.

ದೇವರ ದೀಪದ ಮಾತು ಬಂತು. 2024ರ ಡಿಸೆಂಬರಿನಲ್ಲಿ ಹುಬ್ಬಳ್ಳಿಯಲ್ಲಿ ಅಯ್ಯಪ್ಪ ಮಾಲೆ ಧರಿಸಿದ್ದ ಭಕ್ತರು ರಾತ್ರಿ ದೇವಸ್ಥಾನದ ಕೊಠಡಿಯಲ್ಲಿ ಮಲಗಿದ್ದಾಗ ಸಿಲಿಂಡರಿನಿಂದ ಅನಿಲ ಸೋರಿ, ಉರಿಯುತ್ತಿದ್ದ ದೀಪದಿಂದ ಹೊತ್ತಿಕೊಂಡಿತೆಂದು ವರದಿಯಾಯಿತು. 9 ಮಂದಿ ಸುಟ್ಟ ಗಾಯಗಳಿಂದ ಆಸ್ಪತ್ರೆ ಸೇರಿದರು. ಅವರಲ್ಲಿ ಬಹುಮಂದಿ ಮುಂದಿನ ದಿನಗಳಲ್ಲಿ ಒಬ್ಬೊಬ್ಬರಾಗಿ ತೀರಿಕೊಂಡರು. ವ್ರತದಲ್ಲಿ ದೋಷವಿರಲಿಲ್ಲ, ದೀಪದಲ್ಲಿಯೂ ದೋಷವಿರಲಿಲ್ಲ. ಮಲಗುವ ಕೊಠಡಿ, ಸಿಲಿಂಡರು, ದೀಪ ಇವು ಮೂರು ಒಂದೆಡೆ ಸೇರಬಾರದಾಗಿತ್ತು. ನಮ್ಮ ಚಿಕ್ಕ ಮನೆಗಳಲ್ಲಿ ದೇವರ ಗೂಡು ಅಡಿಗೆಮನೆಯಲ್ಲಿಯೇ ಇರುವುದು ಸಾಮಾನ್ಯ. ಅಂಥಲ್ಲಿ ನಂದಾದೀಪವನ್ನು ರಾತ್ರಿಯಿಡೀ ಉರಿಸದೆ, ಮಲಗುವ ಮುನ್ನ ಶಾಂತಗೊಳಿಸುವುದರಿಂದ ದೇವರಿಗೆ ಅಪಚಾರವಾಗದು.

ಹಾಗಾದರೆ ವಾಸನೆ ಬಂದಾಗ ಕೈ ಏನು ಮಾಡಬೇಕು? ಮೊದಲನೆಯದಾಗಿ, ಏನನ್ನು ಮಾಡಬಾರದು ಎಂಬುದು. ಬೆಂಕಿಕಡ್ಡಿ ಗೀರಬಾರದು ಎಂಬುದು ಎಲ್ಲರಿಗೂ ಗೊತ್ತು. ಆದರೆ ವಿದ್ಯುದ್ದೀಪದ ಗುಂಡಿಯಲ್ಲಿಯೂ ಕಣ್ಣಿಗೆ ಕಾಣದ ಕಿಡಿಯೊಂದು ಏಳುತ್ತದೆ. ಹಾಕುವಾಗಲೂ ಏಳುತ್ತದೆ, ತೆಗೆಯುವಾಗಲೂ ಏಳುತ್ತದೆ. ಆದುದರಿಂದ ಉರಿಯುತ್ತಿರುವ ದೀಪ ಉರಿಯುತ್ತಿರಲಿ, ಆರಿರುವುದು ಆರಿರಲಿ. ಗಾಳಿಯಾಡಲೆಂದು ಫ್ಯಾನು ಹಾಕುವುದು ಬಹುಮಂದಿ ಮಾಡುವ ತಪ್ಪು. ಒಳಗೆ ನಿಂತು ದೂರವಾಣಿಯಲ್ಲಿ ಮಾತನಾಡಲೂಬಾರದು. ಒಲೆಯ ತಿರುಪುಗಳನ್ನೂ ರೆಗ್ಯುಲೇಟರನ್ನೂ ಮುಚ್ಚಬೇಕು. ಬಾಗಿಲು ಕಿಟಕಿಗಳನ್ನು ತೆರೆಯಬೇಕು. ಮಕ್ಕಳನ್ನೂ ವೃದ್ಧರನ್ನೂ ಕರೆದುಕೊಂಡು ಹೊರಗೆ ಹೋಗಬೇಕು. ಹೊರಗೆ ನಿಂತು 1906 ಎಂಬ ಸಂಖ್ಯೆಗೆ ಕರೆ ಮಾಡಬೇಕು. ಅಡಿಗೆ ಅನಿಲದ ಸೋರಿಕೆಗಾಗಿಯೇ ಇಪ್ಪತ್ತನಾಲ್ಕು ಗಂಟೆಯೂ ಇರುವ ಸಂಖ್ಯೆ ಅದು. ಎಲ್ಲಿ ಸೋರುತ್ತಿದೆ ಎಂದು ಕಡ್ಡಿ ಗೀರಿ ಹುಡುಕುವ ಸಾಹಸಿಗಳು ಇಂದಿಗೂ ಇದ್ದಾರೆ. ಅದಕ್ಕೆ ಸಾಬೂನಿನ ನೀರು ಸಾಕು; ಗುಳ್ಳೆ ಎದ್ದಲ್ಲಿ ಸೋರಿಕೆ.

ವಾಸನೆಯೂ ಹೇಳದ ಅಪಾಯ ಇನ್ನೊಂದಿದೆ. ಮರ್ಕ್ಯಾಪ್ಟನ್ ಎಚ್ಚರಿಸುವುದು ಉರಿಯದ ಅನಿಲವನ್ನು ಕುರಿತು ಮಾತ್ರ. ಉರಿದಾಗ ಅದೂ ಉರಿದುಹೋಗುತ್ತದೆ. ಮುಚ್ಚಿದ ಕೋಣೆಯಲ್ಲಿ ಗಾಳಿ ಸಾಲದೆ ಅನಿಲ ಅರೆಬರೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಕಣಗಳು ಆಮ್ಲಜನಕಕ್ಕಿಂತ ಇನ್ನೂರಕ್ಕೂ ಮಿಕ್ಕ ಪಾಲು ಬಲವಾಗಿ ಈ ವಿಷವನ್ನು ಅಪ್ಪಿಕೊಳ್ಳುತ್ತವೆ. ಮೊದಲು ತಲೆನೋವು, ತಲೆಸುತ್ತು, ಓಕರಿಕೆ, ಅನಂತರ ಮೈಮರೆವು. ಸ್ನಾನದ ಮನೆಯೊಳಗೆ ಅನಿಲದ ಗೀಸರನ್ನು ಹಾಕಿಸಿ, ಚಳಿಯೆಂದು ಕಿಟಕಿ ಮುಚ್ಚಿ ಸ್ನಾನಕ್ಕೆ ಹೋದವರು ಹೊರಗೆ ಬಾರದೆ ಇದ್ದ ಸುದ್ದಿಗಳನ್ನು ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ಎಷ್ಟೋ ಬಾರಿ ಓದಿದ್ದೇವೆ. ಗೀಸರು ಸ್ನಾನದ ಮನೆಯ ಹೊರಗೆ, ಗಾಳಿಯಾಡುವ ಸ್ಥಳದಲ್ಲಿ ಇರಬೇಕು. ಅದು ಸಾಧ್ಯವಾಗದಿದ್ದರೆ ಕಿಟಕಿ ತೆರೆದು ಬಕೆಟ್ಟು ತುಂಬಿಸಿಕೊಂಡು, ಉರಿ ಆರಿಸಿ, ಆಮೇಲೆ ಸ್ನಾನ ಮಾಡಬೇಕು. ಮಳೆಗಾಲದ ರಾತ್ರಿ ಮೈ ಬೆಚ್ಚಗಾಗಲೆಂದು ಬಾಗಿಲು ಹಾಕಿ ಒಲೆ ಉರಿಸುವುದೂ ಇದೇ ಜಾತಿಯ ಅವಿವೇಕ. ಒಲೆಯ ಉರಿ ನೀಲಿಯಾಗಿದ್ದರೆ ಸರಿ. ಹಳದಿಯಾಗಿ ಪಾತ್ರೆಯ ತಳಕ್ಕೆ ಮಸಿ ಹಿಡಿಯತೊಡಗಿದರೆ ಬರ್ನರನ್ನು ಶುಚಿಗೊಳಿಸುವ ಕಾಲ ಬಂದಿತೆಂದು ತಿಳಿಯಬೇಕು. ಮಸಿ ಕಂಡರೆ ಪಾತ್ರೆ ತಿಕ್ಕುವವರನ್ನು ಗದರಿಸುವ ಮೊದಲು ಒಲೆಯನ್ನು ನೋಡಬೇಕು.

ಅನಿಲ ತಾನಾಗಿ ವಿಷವಲ್ಲದಿದ್ದರೂ ಮುಚ್ಚಿದ ಸ್ಥಳದಲ್ಲಿ ತುಂಬಿಕೊಂಡರೆ ಉಸಿರಾಡುವ ಗಾಳಿಯನ್ನು ಹೊರದೂಡಿ ಉಸಿರು ಕಟ್ಟಿಸುತ್ತದೆ. ದ್ರವರೂಪದಲ್ಲಿ ಚಿಮ್ಮಿ ಮೈಗೆ ತಗುಲಿದರೆ ವಿಪರೀತ ಶೀತದಿಂದ ಚರ್ಮ ಬೆಂದಂತಾಗುತ್ತದೆ. ಸಿಲಿಂಡರನ್ನು ಅಡ್ಡ ಮಲಗಿಸಿದರೆ ಅನಿಲದ ಬದಲು ದ್ರವವೇ ಹೊರಗೆ ಬರುವ ಸಂಭವವುಂಟು. ಮುಗಿಯುತ್ತ ಬಂದ ಸಿಲಿಂಡರನ್ನು ಒರಗಿಸಿ ಒಂದು ಹೊತ್ತಿನ ಅಡಿಗೆಯನ್ನು ಹಿಂಡಿ ತೆಗೆಯುವ ಮಿತವ್ಯಯದಲ್ಲಿ ಲಾಭಕ್ಕಿಂತ ನಷ್ಟದ ಭಯವೇ ಹೆಚ್ಚು.

ಮನೆಯೊಳಗೆ ಎಷ್ಟು ಎಚ್ಚರವಿದ್ದರೂ ರಸ್ತೆಯನ್ನು ಮರೆಯುವಂತಿಲ್ಲ. ಬೆಂಗಳೂರಿನಿಂದ ಪುಣೆಯ ಕಡೆಗೆ ಹೋಗುವ ಹೆದ್ದಾರಿ ಹಿರಿಯೂರು ಮತ್ತು ಚಿತ್ರದುರ್ಗಗಳನ್ನು ಮುಟ್ಟಿಕೊಂಡೇ ಸಾಗುತ್ತದೆ. ಅಡಿಗೆ ಅನಿಲವನ್ನು ಹೊತ್ತ ಉದ್ದನೆಯ ಟ್ಯಾಂಕರುಗಳು ಇಂಥ ಹೆದ್ದಾರಿಗಳಲ್ಲಿ ಹಗಲಿರುಳೂ ಓಡಾಡುತ್ತವೆ. ಒಂದು ದೊಡ್ಡ ಟ್ಯಾಂಕರಿನಲ್ಲಿ ಇರುವುದು ಸಾವಿರಕ್ಕೂ ಮಿಕ್ಕ ಮನೆಗಳ ಸಿಲಿಂಡರುಗಳಷ್ಟು ಅನಿಲ. 2012ರ ಆಗಸ್ಟ್ 27ರ ರಾತ್ರಿ ಕೇರಳದ ಕಣ್ಣೂರಿನ ಬಳಿ ಚಾಲ ಎಂಬಲ್ಲಿ ಇಂಥ ಟ್ಯಾಂಕರೊಂದು ಉರುಳಿ ಸಿಡಿದು 20 ಜನ ಪ್ರಾಣ ಕಳೆದುಕೊಂಡರು. ಒಂದು ವರ್ಷ ತುಂಬುವ ಮೊದಲೇ, 2013ರ ಏಪ್ರಿಲ್ 9ರಂದು, ನಮ್ಮ ದಕ್ಷಿಣ ಕನ್ನಡದ ಉಪ್ಪಿನಂಗಡಿಯ ಸಮೀಪದ ಪೆರ್ನೆಯಲ್ಲಿ ಅದೇ ಕಥೆ ನಡೆಯಿತು. ಟ್ಯಾಂಕರು ಉರುಳಿದ್ದು ರಸ್ತೆಯಲ್ಲಿ. ಬೆಂಕಿ ಹೋದದ್ದು ರಸ್ತೆಯ ಬದಿಯ ಮನೆಗಳಿಗೆ.

ಅಪಘಾತವಾದ ಕಡೆ ಜನ ನೆರೆಯುವುದು ನಮ್ಮಲ್ಲಿ ಸಹಜ. ಗಾಯಗೊಂಡವರಿಗೆ ನೆರವಾಗಲೆಂದು ಓಡುವ ಕರುಣಾಳುಗಳೂ ಅದರಲ್ಲಿ ಇರುತ್ತಾರೆ. ಆದರೆ ಉರುಳಿದ್ದು ಅನಿಲದ ಟ್ಯಾಂಕರಾದರೆ ನೋಡಲು ಹೋಗಬಾರದು. ಗಾಳಿ ಬೀಸುವ ದಿಕ್ಕಿಗೆ ಎದುರಾಗಿ, ಎತ್ತರದ ಕಡೆಗೆ, ನಡೆದು ದೂರ ಹೋಗಬೇಕು. ಚರಂಡಿ, ಹಳ್ಳ, ತಗ್ಗು ರಸ್ತೆಗಳು ಅನಿಲ ಹರಿಯುವ ಕಾಲುವೆಗಳಾಗಿ ಪರಿಣಮಿಸುತ್ತವೆ. ಹತ್ತಿರದಲ್ಲಿರುವ ವಾಹನವನ್ನು ಚಾಲೂ ಮಾಡಬಾರದು. ಅಕ್ಕಪಕ್ಕದ ಮನೆಗಳವರಿಗೆ ಒಲೆ ಆರಿಸಿ ಹೊರಡಿ ಎಂದು ಕೂಗಿ ಹೇಳುವುದು ದೊಡ್ಡ ಪುಣ್ಯ. ದೂರ ಹೋದ ಮೇಲೆ 112ಕ್ಕೆ ತಿಳಿಸಬೇಕು.

ಇನ್ನು ನಿತ್ಯದ ಎಚ್ಚರಗಳು. ಇವು ಕಷ್ಟದವಲ್ಲ, ಮರೆವು ಒಂದೇ ಅಡ್ಡಿ. ಸಿಲಿಂಡರು ಸದಾ ನೆಟ್ಟಗೆ ನಿಂತಿರಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು. ನೆಲಮಾಳಿಗೆಯಲ್ಲಿ, ಗಾಳಿಯಾಡದ ಕಪಾಟಿನಲ್ಲಿ ಅದನ್ನು ಅಡಗಿಸಬಾರದು. ರಬ್ಬರಿನ ಕೊಳವೆಗೂ ಆಯುಸ್ಸುಂಟು. ಐದು ವರ್ಷದೊಳಗೆ ಬದಲಿಸಬೇಕು, ಬಿರುಕು ಕಂಡರೆ ಅಂದೇ ಬದಲಿಸಬೇಕು. ಮಗಳ ಮದುವೆಗೆ ಲಕ್ಷಗಟ್ಟಲೆ ಖರ್ಚು ಮಾಡುವ ಮನೆಯಲ್ಲಿ ಬಿರುಕು ಬಿಟ್ಟ ಕೊಳವೆಗೆ ಬಟ್ಟೆ ಸುತ್ತಿ ಕಟ್ಟಿರುವುದನ್ನು ನಾನೇ ಕಂಡಿದ್ದೇನೆ. ಸಿಲಿಂಡರಿನ ಕೊರಳ ಪಟ್ಟಿಯ ಒಳಮೈಯಲ್ಲಿ ಒಂದು ಅಕ್ಷರವೂ ಎರಡು ಅಂಕಿಗಳೂ ಬರೆದಿರುತ್ತವೆ. ಅಕ್ಷರ ಎ ಆದರೆ ಮಾರ್ಚ್, ಬಿ ಆದರೆ ಜೂನ್, ಸಿ ಆದರೆ ಸೆಪ್ಟೆಂಬರ್, ಡಿ ಆದರೆ ಡಿಸೆಂಬರ್. ಬಿ 28 ಎಂದಿದ್ದರೆ 2028ನೆಯ ಇಸವಿಯ ಜೂನ್ ಮುಗಿಯುವುದರೊಳಗೆ ಆ ಸಿಲಿಂಡರಿನ ಮರುಪರೀಕ್ಷೆಯಾಗಬೇಕೆಂದು ಅರ್ಥ. ಅವಧಿ ಮೀರಿದ್ದನ್ನು ಒಳಗೆ ಬಿಟ್ಟುಕೊಳ್ಳದೆ ಹಿಂದಕ್ಕೆ ಕಳುಹಿಸುವ ಹಕ್ಕು ನಮಗುಂಟು. ತಂದವರಿಂದಲೇ ತೂಕವನ್ನೂ ಒಳಗಿನ ವಾಷರನ್ನೂ ಪರೀಕ್ಷೆ ಮಾಡಿಸಿಕೊಳ್ಳುವುದರಲ್ಲಿ ಸಂಕೋಚ ಬೇಡ. ಅಂಗಡಿಗಳ ಹಿಂಭಾಗದಲ್ಲಿ ದೊಡ್ಡ ಸಿಲಿಂಡರಿನಿಂದ ಚಿಕ್ಕದಕ್ಕೆ ಕದ್ದು ತುಂಬಿಸುವ ವ್ಯಾಪಾರವುಂಟು. ಹತ್ತಿಪ್ಪತ್ತು ರೂಪಾಯಿಯ ಉಳಿತಾಯಕ್ಕಾಗಿ ಅಲ್ಲಿಗೆ ಹೋಗುವುದೆಂದರೆ ನೆರೆಹೊರೆಯವರ ಪ್ರಾಣವನ್ನೂ ಪಣಕ್ಕಿಡುವುದು.

ಇಷ್ಟಾಗಿಯೂ ಮೈಮೇಲಿನ ಬಟ್ಟೆಗೆ ಬೆಂಕಿ ತಗುಲಿದರೆ ಓಡಬಾರದು. ಓಡಿದರೆ ವಾಯುಸಖನಿಗೆ ವಾಯುವನ್ನು ನಾವೇ ಒದಗಿಸಿದಂತೆ. ನೆಲದ ಮೇಲೆ ಉರುಳಬೇಕು. ನಮ್ಮ ಸೀಮೆಯ ಕರಿ ಕಂಬಳಿ ಇಂಥ ಸಮಯಕ್ಕೆ ಬಲು ಉಪಕಾರಿ. ಕುರಿಯ ಉಣ್ಣೆ ಸುಲಭವಾಗಿ ಹೊತ್ತುವುದಿಲ್ಲ, ಸುತ್ತಿದರೆ ಉರಿ ಅಡಗುತ್ತದೆ. ನೈಲಾನಿನ ಹೊದಿಕೆಯನ್ನು ಹೊದಿಸಿದರೆ ಕರಗಿ ಮೈಗೆ ಅಂಟುತ್ತದೆ. ಸುಟ್ಟ ಗಾಯಕ್ಕೆ ಅರಿಸಿನ, ತುಪ್ಪ, ಶಾಯಿ, ಹಲ್ಲುಜ್ಜುವ ಪೇಸ್ಟು ಯಾವುದೂ ಬೇಡ. ಇಪ್ಪತ್ತು ನಿಮಿಷ ತಣ್ಣೀರನ್ನು ಹರಿಯಬಿಟ್ಟು, ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಒಯ್ಯಬೇಕು.

ಈ ಊರಿನಲ್ಲಿ ಕುಳಿತು ಎಚ್ಚರದ ಮಾತನ್ನು ಬರೆಯುವವನಿಗೆ ಓಬವ್ವನ ನೆನಪು ಬಾರದೆ ಇರದು. ಗಂಡ ಊಟಕ್ಕೆ ಕುಳಿತಾಗ ನೀರಿಗೆಂದು ಹೋದ ಆಕೆಗೆ ಕಿಂಡಿಯ ಕಡೆಯಿಂದ ಸದ್ದು ಕೇಳಿಸಿತು ಎನ್ನುತ್ತದೆ ಕಥೆ. ನಾವು ಆಕೆಯ ಒನಕೆಯನ್ನು ಹೊಗಳುತ್ತೇವೆ. ಒನಕೆಗೆ ಮುಂಚೆ ಕಿವಿಯಿತ್ತೆಂಬುದನ್ನು ಮರೆಯುತ್ತೇವೆ. ‘ಏನೋ ಇಲಿಯಿರಬೇಕು’ ಎಂದು ಆಕೆ ಕೊಡ ತುಂಬಿಕೊಂಡು ಹಿಂತಿರುಗಿದ್ದರೆ ಒನಕೆ ಗೋಡೆಗೆ ಒರಗಿಯೇ ಇರುತ್ತಿತ್ತು.

ವಾಚಕರಲ್ಲಿ ನನ್ನದೊಂದು ವಿಜ್ಞಾಪನೆ. ಈ ರಾತ್ರಿ ಊಟವಾದ ಮೇಲೆ ಮನೆಮಂದಿಯೆಲ್ಲ ಐದು ನಿಮಿಷ ಕುಳಿತು ಮಾತನಾಡಿಕೊಳ್ಳಿ. ವಾಸನೆ ಬಂದರೆ ರೆಗ್ಯುಲೇಟರು ಮುಚ್ಚುವವರು ಯಾರು, ಬಾಗಿಲು ತೆರೆಯುವವರು ಯಾರು, ಅಜ್ಜಿಯ ಕೈ ಹಿಡಿಯುವವರು ಯಾರು, ಮಗುವನ್ನು ಎತ್ತಿಕೊಳ್ಳುವವರು ಯಾರು, ಅಂಗಳದಲ್ಲಿ ಎಲ್ಲಿ ಕೂಡುವುದು. ಕತ್ತಲಲ್ಲಿ ಒಮ್ಮೆ ನಡೆದು ನೋಡಿದರೆ ಇನ್ನೂ ಒಳ್ಳೆಯದು. ಗುಂಡಿಯ ಕಡೆ ಚಾಚುವ ಕೈಗೆ ಬಾಗಿಲಿನ ಕಡೆ ಚಾಚುವ ಅಭ್ಯಾಸವಾಗುತ್ತದೆ. ಅನಂತರ ಹಾಲಿನವನ ಲೆಕ್ಕ ಬರೆಯುವ ಕ್ಯಾಲೆಂಡರಿನ ಮೇಲೆ 1906 ಎಂದು ದಪ್ಪ ಅಂಕಿಗಳಲ್ಲಿ ಬರೆದಿಡಿ. ಬರೆಯುವ ಕೆಲಸವನ್ನು ಮನೆಯ ಅತಿ ಚಿಕ್ಕವರಿಗೇ ಕೊಡಿ.